ಅಂಬಿಗನ ತಂಗಿ

ಕಳೆದ ಶನಿವಾರ ಮಗಳಿಗೊಂದು ಹಳೆಯ ಸೈಕಲ್ ಕೊಳ್ಳೋಣವೆಂದು ಐಂಡ್‌ಹೋವನ್ನಿನ ಹೊರವಲಯದ ಕ್ರಿಂಗ್‌ಲೋಪಿಗೆ ಹೋಗಿದ್ದೆ. ಜನ ಬೇಡವೆಂದು ಕೊಟ್ಟ ಸೋಫಾ, ತಟ್ಟೆ, ಗಡಿಯಾರ, ಆಟಿಕೆಗಳನ್ನೆಲ್ಲ ಮಾರುವ ದೊಡ್ಡ ಗೋದಾಮು ಅದು. ಸೈಕಲ್ಲುಗಳಿರುವ ಮೂಲೆಗೆ ಹೋಗಬೇಕಾದರೆ ಪುಸ್ತಕದ ಕಪಾಟುಗಳನ್ನು ದಾಟಬೇಕು. ಹೊರಗೆ ಜಡಿಮಳೆ. ಯಾರೋ ತಮ್ಮ ಒದ್ದೆ ಕೋಟನ್ನು ಅಲ್ಲೇ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಹಳೆಯ ಕಾಗದ, ಒಣಗಿದ ಅಂಟು, ಒದ್ದೆ ಉಣ್ಣೆ, ಮಷೀನಿನ ಕಾಫಿ ಎಲ್ಲ ಸೇರಿದ ವಾಸನೆಯೊಂದು ಮೂಗಿಗೆ ಬಿದ್ದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ.

"ಅಮ್ಮಾ, ಕೊಮ್! ಸೈಕಲ್ ಆ ಕಡೆ ಅದಾವ," ಎಂದು ಮಗಳು ಅನ್ವಿ ಡಚ್ಚು ಬೆರೆಸಿ ಕರೆದು ಕೈ ಹಿಡಿದು ಎಳೆದಳು.

ಅದು ಎರಡು ವರ್ಷದ ಹಿಂದಿನ ಮಂಗಳವಾರಗಳ ವಾಸನೆ. ನಾನು ಡಚ್ ಭಾಷೆಯ ಪರೀಕ್ಷೆಗೆ ಓದುತ್ತಿದ್ದ ವರ್ಷ. ಆ ವರ್ಷ ನಾನು ಕಲಿತದ್ದರಲ್ಲಿ ಡಚ್ಚೇ ಕಡಿಮೆ ಎನ್ನಬೇಕು.

ಗಂಡ ಮಹಾಂತೇಶನ ಕೆಲಸದ ಮೇಲೆ ನಾವು ಇಲ್ಲಿಗೆ ಬಂದು ಆಗಲೇ ಆರು ವರ್ಷವಾಗಿತ್ತು. ಚಿಪ್ ಮಾಡುವ ಯಂತ್ರಗಳ ಎಂಜಿನಿಯರ್ ಅವನು. ಆಫೀಸಿನಲ್ಲಿ ಎಲ್ಲ ಇಂಗ್ಲಿಷು. ಮಗಳಿಗೆ ಶಾಲೆಯಲ್ಲಿ ಎಲ್ಲ ಡಚ್ಚು. ನಡುವೆ ನಾನೊಬ್ಬಳು, ಮನೆಗೆ ಬಂದ ಸರ್ಕಾರಿ ಪತ್ರಗಳನ್ನು ಫೋನಿನ ಕ್ಯಾಮೆರಾ ಹಿಡಿದು ಓದುವವಳು. ಇಲ್ಲೇ ನೆಲೆಸುವುದೆಂದು ತೀರ್ಮಾನವಾದ ಮೇಲೆ ಪರೀಕ್ಷೆ ಬರೆಯದೆ ದಾರಿಯಿರಲಿಲ್ಲ. ಗ್ರಂಥಾಲಯದವರು ನನಗೊಬ್ಬ ತಾಲ್‌ಮಾತ್ಯೆಯನ್ನು ಗೊತ್ತುಮಾಡಿಕೊಟ್ಟರು. ಅಂದರೆ ಭಾಷೆಯ ಗೆಳತಿ. ಸಂಬಳವಿಲ್ಲದೆ, ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಕೂತು ನಮ್ಮ ಹರುಕುಮುರುಕು ಮಾತನ್ನು ಕೇಳಿಸಿಕೊಳ್ಳುವವರು.

ನನ್ನವಳ ಹೆಸರು ಟ್ರೂಸ್. ಎಪ್ಪತ್ತಾರು ವರ್ಷ. ಉದ್ದನೆಯ ಆಳು, ಕತ್ತರಿಸಿದ ಬಿಳಿ ಕೂದಲು, ಎಂಥ ಗಾಳಿಯಲ್ಲೂ ಸೈಕಲ್ಲಿನಲ್ಲೇ ಬರುತ್ತಿದ್ದಳು. ಹರೆಯದಲ್ಲಿ ಬಲ್ಬಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಹಿರಿಯಳೆಂದು ನಾನು ಮೊದಲ ದಿನ ಮರ್ಯಾದೆಯ ಬಹುವಚನದಲ್ಲಿ ಮಾತಾಡಿದಾಗ, "ನನ್ನನ್ನು ಹಾಗೆ ಕರೆದರೆ ನಾನು ಸತ್ತುಹೋದವಳ ಹಾಗೆ ಅನ್ನಿಸುತ್ತೆ. ನೀನು ಅನ್ನು," ಎಂದಳು.

ಸೆಪ್ಟೆಂಬರಿನಿಂದ ಅಕ್ಟೋಬರ್ ಕಡೆಯವರೆಗೆ ನಾವು ಪಠ್ಯದ ಪಾಠಗಳನ್ನೇ ಓದಿದೆವು. ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಹೇಗೆ, ಯಾವ ಕಸ ಯಾವ ಡಬ್ಬಿಗೆ, ಪಕ್ಕದ ಮನೆಯವರು ಗಲಾಟೆ ಮಾಡಿದರೆ ಏನು ಹೇಳಬೇಕು. ಒಂದು ಮಂಗಳವಾರ ಟ್ರೂಸ್ ಆ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟಳು. "ಇದನ್ನು ಇನ್ನೊಂದು ವಾರ ಓದಿದರೆ ನಾನೇ ಕಸದ ಡಬ್ಬಿಗೆ ಬೀಳುತ್ತೇನೆ. ಒಂದು ನಿಜವಾದ ಕಥೆ ಓದೋಣ," ಎಂದು ಎದ್ದುಹೋಗಿ ತೆಳ್ಳನೆಯ ಪುಸ್ತಕವೊಂದನ್ನು ತಂದಳು. ಭಾಷೆ ಕಲಿಯುವವರಿಗೆಂದು ಸುಲಭ ಡಚ್ಚಿನಲ್ಲಿ ಬರೆದ, ಹಳೆಯ ಫ್ರೆಂಚ್ ಕಾದಂಬರಿಯ ಸಂಗ್ರಹ. ಮುಖಪುಟದಲ್ಲಿ ಕಪ್ಪು ಸಮುದ್ರ, ನಡುವೆ ಬಂಡೆ, ಬಂಡೆಯ ಮೇಲೊಂದು ಜೈಲು.

ನಾನು ಪುಸ್ತಕ ತೆಗೆದುಕೊಳ್ಳದೆ ಆ ಮುಖಪುಟವನ್ನೇ ನೋಡುತ್ತ ಕೂತೆ.

ಹೆಸರು ಹೇಳಿದರೆ ಅದು ಎಲ್ಲರಿಗೂ ಗೊತ್ತಿರುವ ಪುಸ್ತಕವೇ. ಸುಳ್ಳು ದೂರಿನ ಪತ್ರವೊಂದರಿಂದ ಮದುವೆಯ ದಿನವೇ ಸೆರೆಗೆ ಬಿದ್ದ ನಾವಿಕ, ವರ್ಷಗಟ್ಟಲೆ ಕತ್ತಲಕೋಣೆ, ಪಕ್ಕದ ಕೋಣೆಯ ಮುದುಕ ಹೇಳಿಕೊಟ್ಟ ನಿಧಿ, ತಪ್ಪಿಸಿಕೊಂಡು ಬಂದು ಒಬ್ಬೊಬ್ಬರ ಮೇಲೂ ತೀರಿಸಿಕೊಂಡ ಸೇಡು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಪುಸ್ತಕದ ಹೆಸರಿರಲಿಲ್ಲ. ಅದು 'ಅಂಬಿಗನ ಕಥಿ'. ಅದನ್ನು ಹೇಳುತ್ತಿದ್ದವಳು ನಮ್ಮ ಸುವರ್ಣಕ್ಕ.

ಬಿಜಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ, ಬೇಸಿಗೆ ರಜೆಯಲ್ಲಿ, ಶಾವಿಗೆ ಹಪ್ಪಳ ಒಣಹಾಕಿ ಕಾಯುವ ಕೆಲಸ ನಮ್ಮಿಬ್ಬರದು. ಎರಡು ಕೋಲು ನೆಟ್ಟು ಒದ್ದೆ ಚಾದರ ಕಟ್ಟಿಕೊಂಡು ಅದರ ನೆರಳಲ್ಲಿ ಕೂರುತ್ತಿದ್ದೆವು. ನನಗೆ ಹದಿಮೂರು, ಅಕ್ಕನಿಗೆ ಇಪ್ಪತ್ತು, ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಊರಿನ ಲೈಬ್ರರಿಯಿಂದ ಆ ಕಾದಂಬರಿಯ ಹಳೆಯ ಕನ್ನಡ ಅನುವಾದ ತಂದಿದ್ದಳು. ರಟ್ಟು ಕಿತ್ತುಹೋದ ದಪ್ಪ ಪುಸ್ತಕ. ತಾನು ಬೆಳಗ್ಗೆ ಓದಿದ್ದನ್ನು ಮಧ್ಯಾಹ್ನ ನನಗೆ ಹೇಳುತ್ತಿದ್ದಳು, ಆದರೆ ಪುಸ್ತಕದಲ್ಲಿದ್ದಂತೆ ಅಲ್ಲ. ನಾವಿಕ ಕೃಷ್ಣೆಯ ದಂಡೆಯ ಅಂಬಿಗನಾದ. ಜೈಲಿನ ಮುದುಕ ಕನ್ನಡ ಶಾಲೆಯ ಮಾಸ್ತರನಾದ. ಅಂಬಿಗ ಸವಟಿನ ಹಿಡಿಕೆಯಿಂದ ಗೋಡೆ ಕೊರೆಯುವಾಗ ಅಕ್ಕ ಚಮಚದಿಂದ ಮಾಳಿಗೆಯ ಗಚ್ಚು ಕೆರೆದು ಸದ್ದು ಮಾಡುತ್ತಿದ್ದಳು. ಅಂಬಿಗನಿಗೊಬ್ಬಳು ತಂಗಿ, ನೀಲವ್ವ. ಅಣ್ಣ ಎಲ್ಲಿದ್ದಾನೆಂದು ಇಡೀ ಊರು ಮರೆತರೂ ಆಕೆ ಮರೆಯಲಿಲ್ಲ. ದಿನಾ ರೊಟ್ಟಿಯ ಗಂಟು ಹಿಡಿದು ದಂಡೆಗೆ ಬಂದು ನೀರಿನತ್ತ ಕೂಗಿ, ಯಾರೂ ಬಾರದಿದ್ದಾಗ ಗಂಟನ್ನು ನೀರಿಗೆ ಬಿಟ್ಟು ಹೋಗುತ್ತಿದ್ದಳು. ನಾನು ಶಾವಿಗೆಗೆ ಬರುವ ಗುಬ್ಬಿಗಳನ್ನು ಮರೆತು ಬಾಯಿ ಬಿಟ್ಟು ಕೇಳುತ್ತಿದ್ದೆ.

ಕಥೆಯಲ್ಲಿ ಅಂಬಿಗ ಸಾಹುಕಾರನಾಗಿ ಊರಿಗೆ ಮರಳಿದ್ದ. ಇನ್ನು ಸೇಡು ಶುರುವಾಗಬೇಕು. ಅಷ್ಟರಲ್ಲಿ ಅಕ್ಕ ಹೇಳುವುದನ್ನು ನಿಲ್ಲಿಸಿದಳು.

ಮಧ್ಯಾಹ್ನವಾದರೆ ಲೈಬ್ರರಿಗೆ ಹೋಗಿಬಿಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂತು ಎನ್ನುವುದು ನೆಪ. ಅಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದ ತರುಣನೊಬ್ಬನ ಜೊತೆ ಅವಳು ಓದುವ ಕೋಣೆಯ ಕಿಟಕಿಯ ಬಳಿ ಕೂತು ಮಾತಾಡುವುದನ್ನು ನಾನು ಎರಡು ಸಲ ನೋಡಿದ್ದೆ. ಒಳ್ಳೆಯ ಮನುಷ್ಯ. ನನಗೊಮ್ಮೆ ಪೆಪ್ಪರಮಿಂಟು ಕೊಟ್ಟಿದ್ದ. ನಮ್ಮ ಜಾತಿಯವನಲ್ಲ ಎಂಬುದು ನನಗೂ ಗೊತ್ತಿತ್ತು. "ಅಕ್ಕಾ, ಮುಂದೇನಾತು?" ಎಂದು ಎಷ್ಟು ಸಲ ಕೇಳಿದರೂ, "ನಾಳೆ ಹೇಳ್ತೀನಿ" ಎನ್ನುತ್ತಿದ್ದಳು. ಹತ್ತು ದಿನ ನಾನೊಬ್ಬಳೇ ಚಾದರದ ಕೆಳಗೆ ಕೂತು ಗುಬ್ಬಿ ಓಡಿಸಿದೆ.

ಹನ್ನೊಂದನೆಯ ದಿನ ಅವ್ವ ಕೆಳಗೆ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, ಸುಮ್ಮನೆ ಕೇಳುವ ಹಾಗೆ ಕೇಳಿದಳು: "ಸುವರ್ಣಾ ಎಲ್ಲಿ?"

ಲೈಬ್ರರಿಗೆ ಹೋಗ್ಯಾಳ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಅಷ್ಟೇ ಅಲ್ಲ. ಯಾರ ಜೊತೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವ್ವನ ಕೈಯಲ್ಲಿದ್ದ ಮೊರ ಅಲ್ಲಾಡದೆ ನಿಂತಿತು.

ಅಕ್ಕನಿಗೆ ಹಾಲ್ ಟಿಕೆಟ್ ಬಂದಿತ್ತು, ಪರೀಕ್ಷೆಗೆ ಕೂರಿಸಲಿಲ್ಲ. ಪುಸ್ತಕವನ್ನು ಅಪ್ಪನೇ ಒಯ್ದು ಲೈಬ್ರರಿಗೆ ಕೊಟ್ಟು ಬಂದ. ಅಲ್ಲಿಯ ತರುಣ ಬೇರೆ ಊರಿಗೆ ಹೋದನೆಂದು ಕೇಳಿದೆವು, ಅಷ್ಟೇ. ಎರಡು ತಿಂಗಳಲ್ಲಿ ಅವಳ ಮದುವೆ ಸೊಲ್ಲಾಪುರದ ಬಟ್ಟೆ ಅಂಗಡಿಯವರೊಂದಿಗೆ ಆಯಿತು. ಭಾವ ಕೆಟ್ಟವರಲ್ಲ. ಅಕ್ಕ ಮುಂದೆ ಹೊಲಿಗೆ ಕಲಿತು, ಈಗ ಶಾಲೆಗಳಿಗೆ ಯೂನಿಫಾರ್ಮ್ ಹೊಲಿದುಕೊಡುವ ಸಣ್ಣ ಘಟಕ ನಡೆಸುತ್ತಾಳೆ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾಳೆ. ಅವಳ ಬದುಕು ಹಾಳಾಯಿತು ಎನ್ನಲಾರೆ. ಅದು ಅವಳು ಆರಿಸಿಕೊಂಡ ಬದುಕಾಗಿರಲಿಲ್ಲ, ಅಷ್ಟೇ. ಹೇಳಿದ್ದು ನಾನೆಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ಆ ದಿನದಿಂದ ಅಕ್ಕ ನನ್ನ ಜೊತೆ ಆಡಿದ್ದು ಮದುವೆ ಮುಂಜಿಗಳಲ್ಲಿ ಎದುರಾದಾಗಿನ ಎರಡೇ ಮಾತು. "ಆರಾಮದೀಯೇನು?" "ಆರಾಮ." ಇಪ್ಪತ್ತನಾಲ್ಕು ವರ್ಷ.

ಆ ಕಾದಂಬರಿಯನ್ನು ನಾನು ಆಮೇಲೆ ಮುಟ್ಟಿರಲಿಲ್ಲ. ಈಗ ಅದು ಟ್ರೂಸಳ ಕೈಯಲ್ಲಿ ನನ್ನೆದುರಿಗೆ ಇತ್ತು.

"ಯಾಕೆ? ಓದಿದ್ದೀಯಾ?" ಎಂದಳು.

"ಅರ್ಧ ಕೇಳಿದ್ದೇನೆ," ಎಂದೆ.

ನವೆಂಬರ್ ಪೂರ್ತಿ ಓದಿದೆವು. ಹೊರಗೆ ಬೆಳಕೇ ಇಲ್ಲದ ದಿನಗಳು. ಬೆಳಗ್ಗೆ ಹತ್ತಕ್ಕೂ ಗ್ರಂಥಾಲಯದಲ್ಲಿ ದೀಪ. ಮಳೆ ಮೇಲಿಂದ ಬೀಳದೆ ಅಡ್ಡಡ್ಡ ಬಂದು ಗಾಜಿಗೆ ಬಡಿಯುತ್ತಿತ್ತು. ನಾನು ಒಂದು ಪುಟ ಗಟ್ಟಿಯಾಗಿ ಓದಬೇಕು, ಟ್ರೂಸ್ ಉಚ್ಚಾರ ತಿದ್ದಬೇಕು. ಸೆರೆ ಬಂತು, ಮುದುಕ ಬಂದ, ಗೋಡೆ ಕೊರೆದಾಯಿತು. ನಾನು ಮಾತ್ರ ಪುಟ ತಿರುಗಿಸಿದಾಗಲೆಲ್ಲ ಬೇರೊಬ್ಬಳಿಗಾಗಿ ಕಾಯುತ್ತಿದ್ದೆ. ಐದನೆಯ ಅಧ್ಯಾಯ ಮುಗಿದಾಗ ತಡೆಯಲಾರದೆ ಕೇಳಿದೆ.

"ಅವನ ತಂಗಿ ಯಾವಾಗ ಬರುತ್ತಾಳೆ?"

"ಯಾವ ತಂಗಿ?"

"ದಿನಾ ದಂಡೆಗೆ ಊಟ ತರುವವಳು."

ಟ್ರೂಸ್ ಕನ್ನಡಕದ ಮೇಲಿಂದ ನೋಡಿದಳು. "ಅವನಿಗೆ ಮುದಿ ಅಪ್ಪ ಇದ್ದಾನೆ. ಪ್ರೀತಿಸಿದ ಹುಡುಗಿ ಇದ್ದಾಳೆ. ತಂಗಿ ಇಲ್ಲ."

"ಇದು ಸಣ್ಣ ಪುಸ್ತಕವಲ್ಲವಾ, ಬಿಟ್ಟಿರಬೇಕು."

"ನಾನು ದೊಡ್ಡದನ್ನೂ ಓದಿದ್ದೇನೆ. ಸಿನಿಮಾಗಳನ್ನೂ ನೋಡಿದ್ದೇನೆ, ಎಲ್ಲವನ್ನೂ. ತಂಗಿ ಇಲ್ಲ."

ನಾನು ನಂಬಲಿಲ್ಲ. ನನ್ನ ಮುಖ ನೋಡಿ ಟ್ರೂಸ್, "ಬಾ ಹಾಗಾದರೆ, ನೀನೇ ಹುಡುಕು," ಎಂದಳು.

ಹೀಗೆ ಡಿಸೆಂಬರಿನಿಂದ ನಮ್ಮ ಮಂಗಳವಾರಗಳು ಅವಳ ಫ್ಲ್ಯಾಟಿಗೆ ಬದಲಾದವು. ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಆತನಿಗೆ ಈ ಕಥೆಯೆಂದರೆ ಹುಚ್ಚು. ಅದರ ಮೇಲೆ ಬಂದ ಸಿನಿಮಾ, ಟೀವಿ ಧಾರಾವಾಹಿ ಎಲ್ಲದರ ಡಿಸ್ಕುಗಳನ್ನು ಸೇರಿಸಿಟ್ಟಿದ್ದ. ಪ್ರತಿ ಕ್ರಿಸ್ಮಸ್ಸಿಗೆ ಒಂದನ್ನು ಹಾಕಿ, ಕಡೆಯಲ್ಲಿ ಗಂಡ ಹೆಂಡತಿ ಜಗಳವಾಡುತ್ತಿದ್ದರಂತೆ. ನಾವಿಕ ಹಳೆಯ ಪ್ರಿಯತಮೆಯನ್ನು ಮತ್ತೆ ಕೈಹಿಡಿಯಬೇಕಿತ್ತು ಎಂಬುದು ಆತನ ವಾದ. ಬೇಡ, ತಡವಾಯಿತು ಎಂಬುದು ಇವಳದು. "ಈಗ ನೋಡಬಹುದು, ಆದರೆ ಜಗಳಕ್ಕೆ ಜನ ಇಲ್ಲ," ಎಂದಳು ಟ್ರೂಸ್, ಸೂಪು ಕಲಕುತ್ತ. ನಾನು ಮಾಂಸ ತಿನ್ನುವುದಿಲ್ಲವೆಂದು ಬಟಾಣಿ ಸೂಪಿಗೆ ಸಾಸೇಜು ಹಾಕದೆ ಬೇರೆಯೇ ಪಾತ್ರೆಯಲ್ಲಿ ಮಾಡುತ್ತಿದ್ದಳು.

ಕಪ್ಪು ಬಿಳುಪಿನದನ್ನು ನೋಡಿದೆವು. ಅದರಲ್ಲಿ ಬರೀ ಕತ್ತಿವರಸೆ. ಬಣ್ಣದ್ದೊಂದರಲ್ಲಿ ನಾವಿಕನಿಗೆ ಹುಡುಗಿ ಮರಳಿ ಸಿಕ್ಕಳು. ಟ್ರೂಸ್ ದಿಂಬನ್ನು ಟೀವಿಯತ್ತ ಎಸೆದಳು. ಧಾರಾವಾಹಿಯೊಂದು ಎಷ್ಟು ಉದ್ದವೆಂದರೆ ಎರಡು ಮಂಗಳವಾರ ಹಿಡಿಯಿತು. ಜಪಾನಿನ ಕಾರ್ಟೂನೊಂದರಲ್ಲಿ ಇಡೀ ಕಥೆ ಆಕಾಶದ ಗ್ರಹಗಳಿಗೆ ಹೋಗಿತ್ತು. ಅನ್ವಿ ಅದನ್ನು ನಮ್ಮ ಜೊತೆ ಕೂತು ನೋಡಿ, "ಅಮ್ಮ, ಈ ಅಂಕಲ್ ಯಾಕ ಒಂದ್ಸಲ ಮಾತಾಡಿ ಮುಗ್ಸಂಗಿಲ್ಲ?" ಎಂದು ಕೇಳಿದಳು. ಚಿತ್ರಮಂದಿರಕ್ಕೆ ಬಂದ ಹೊಸದಕ್ಕೂ ಹೋದೆವು, ಮೂರು ಗಂಟೆಯದು. ಪ್ರತಿಯೊಂದರಲ್ಲೂ ಬಂದರಿನ ದೃಶ್ಯ ಬಂದಾಗ ನಾನು ಸೀಟಿನ ತುದಿಗೆ ಬಂದು ಗುಂಪಿನಲ್ಲಿ ಗಂಟು ಹಿಡಿದವಳೊಬ್ಬಳನ್ನು ಹುಡುಕಿದೆ. ಒಂದೊಂದು ಸಿನಿಮಾ ಒಂದೊಂದು ರೀತಿ ಮುಗಿಯಿತು. ಯಾವುದರಲ್ಲೂ ನೀಲವ್ವ ಇರಲಿಲ್ಲ.

ಚಿತ್ರಮಂದಿರದಿಂದ ಹೊರಬಂದ ಮಧ್ಯಾಹ್ನ ಬಿಸಿಲು ಬಂದಿತ್ತು. ಕಾಲುವೆಯ ಮೇಲೆ ತೆಳ್ಳಗೆ ಮಂಜುಗಡ್ಡೆ, ಅದರ ಮೇಲೆ ಬಾತುಗಳು ಕಾಲು ಜಾರಿಸುತ್ತ ನಡೆಯುತ್ತಿದ್ದವು. ಟ್ರೂಸ್ ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ನನಗೆ ಹೊಳೆಯಿತು. ನೀಲವ್ವನನ್ನು ಅಕ್ಕನೇ ಕಟ್ಟಿದ್ದಳು. ಎದುರಿಗೆ ತಂಗಿಯೊಬ್ಬಳು ಕೂತಿದ್ದಳು, ಅವಳಿಗಾಗಿ ಕಥೆಯೊಳಗೂ ಒಬ್ಬ ತಂಗಿಯನ್ನು ಕೂರಿಸಿದ್ದಳು. ಊರೆಲ್ಲ ಕೈಬಿಟ್ಟರೂ ಕೈಬಿಡದ ತಂಗಿ.

ಅಲ್ಲೇ ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲಿ ಅತ್ತುಬಿಟ್ಟೆ. ಟ್ರೂಸ್ ಬೀಗವನ್ನು ಮತ್ತೆ ಹಾಕಿ, ಬೆಂಚಿನ ಮೇಲೆ ಕೂರಿಸಿ, "ಹೇಳು. ಡಚ್ಚಿನಲ್ಲೇ ಹೇಳು," ಎಂದಳು.

ಕನ್ನಡದಲ್ಲಾಗಿದ್ದರೆ ಸುತ್ತುಬಳಸಿ ಹೇಳುತ್ತಿದ್ದೆನೇನೋ. ಚಿಕ್ಕವಳಿದ್ದೆ, ತಿಳಿಯಲಿಲ್ಲ, ಕಾಲ ಹಾಗಿತ್ತು, ಇವೆಲ್ಲ ನನಗೆ ಬರುವ ಡಚ್ಚಿನಲ್ಲಿ ಇರಲಿಲ್ಲ. ಇದ್ದದ್ದು ಸಣ್ಣ ಸಣ್ಣ ವಾಕ್ಯಗಳು. ಅಕ್ಕ ಒಬ್ಬನನ್ನು ಪ್ರೀತಿಸಿದಳು. ನಾನು ನೋಡಿದೆ. ನಾನು ಅಮ್ಮನಿಗೆ ಹೇಳಿದೆ. ಅಕ್ಕ ಪರೀಕ್ಷೆ ಬರೆಯಲಿಲ್ಲ. ಅಕ್ಕನಿಗೆ ಬೇರೆಯವನ ಜೊತೆ ಮದುವೆ ಆಯಿತು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಐದು ವಾಕ್ಯದಲ್ಲಿ ಮುಗಿಸಿದೆ. ಮಹಾಂತೇಶನಿಗೂ ನಾನಿದನ್ನು ಹೇಳಿರಲಿಲ್ಲ.

ಟ್ರೂಸ್ ಸಮಾಧಾನ ಮಾಡಲಿಲ್ಲ. "ಆಗ ನಿನಗೆಷ್ಟು ವಯಸ್ಸು?" ಎಂದು ಕೇಳಿದಳು.

"ಹದಿಮೂರು."

"ಈಗ?"

"ಮೂವತ್ತೇಳು."

"ಹದಿಮೂರಕ್ಕೆ ಹೇಳಿದೆ, ಅದು ನನಗೆ ಅರ್ಥವಾಗುತ್ತೆ. ಇಷ್ಟು ವರ್ಷ ಅವಳ ಹತ್ತಿರ ಯಾಕೆ ಹೇಳಲಿಲ್ಲ, ಅದು ಅರ್ಥವಾಗಲಿಲ್ಲ," ಎಂದಳು. ಆಮೇಲೆ ತನ್ನ ಕೈಗವಸು ತೆಗೆದು ನನ್ನ ಕೈಗೆ ಹಾಕಿದಳು.

ಪರೀಕ್ಷೆ ಮಾರ್ಚಿನಲ್ಲಿತ್ತು. ಮಾತಾಡುವ ಪರೀಕ್ಷೆಯೆಂದರೆ ಎದುರಿಗೆ ಮನುಷ್ಯರಿರುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡಬೇಕು. ಕೋಣೆಯಲ್ಲಿ ಇಪ್ಪತ್ತು ಜನ, ಎಲ್ಲ ದೇಶದವರೂ, ಒಟ್ಟಿಗೆ ತಮ್ಮ ತಮ್ಮ ಪರದೆಗೆ ಹೇಳಿಕೊಳ್ಳುತ್ತಿದ್ದರು. ನಾಲ್ಕನೆಯದೋ ಐದನೆಯದೋ ಪ್ರಶ್ನೆ: ನಿಮ್ಮ ಮನೆಯವರಲ್ಲಿ ಯಾರ ಜೊತೆ ಹೆಚ್ಚು ಮಾತಾಡುತ್ತೀರಿ, ಯಾಕೆ?

ಗಂಡ ಎನ್ನಬೇಕೆಂದು ಟ್ರೂಸ್ ಜೊತೆ ಅಭ್ಯಾಸ ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆ. "ನನ್ನ ಅಕ್ಕನ ಜೊತೆ. ಅವಳು ತುಂಬ ಚೆನ್ನಾಗಿ ಕಥೆ ಹೇಳುತ್ತಾಳೆ," ಎಂದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ವರ್ತಮಾನ ಕಾಲದಲ್ಲಿ ಹೇಳಿದ್ದೆ.

ಹೊರಗೆ ಬಂದು ಬಸ್ಸಿನ ನಿಲ್ದಾಣದಲ್ಲಿ ನಿಂತೆ. ಇಲ್ಲಿ ಮಧ್ಯಾಹ್ನ ಹನ್ನೆರಡು, ಸೊಲ್ಲಾಪುರದಲ್ಲಿ ನಾಲ್ಕೂವರೆ. ಅಕ್ಕನ ನಂಬರು ನನ್ನ ಫೋನಿನಲ್ಲಿ ಮೊದಲಿಂದ ಇತ್ತು, ಹಬ್ಬಕ್ಕೊಂದು ಸಂದೇಶ ಕಳಿಸಲು. ಒತ್ತಿದೆ. ಎರಡನೆಯ ರಿಂಗಿಗೇ ಎತ್ತಿದಳು. ಹಿಂದೆ ಹೊಲಿಗೆ ಮಷೀನುಗಳ ಸದ್ದು.

"ರೇಖಾ? ಯಾಕ, ಏನಾತು? ಅವ್ವ ಆರಾಮದಾಳಿಲ್ಲೋ?"

"ಅವ್ವ ಆರಾಮದಾಳಕ್ಕ. ಎಲ್ಲಾರೂ ಆರಾಮದಾರ." ಬಸ್ಸು ಬಂತು, ನಿಂತಿತು, ನಾನು ಹತ್ತದಿದ್ದುದನ್ನು ನೋಡಿ ಹೊರಟುಹೋಯಿತು. "ಅಕ್ಕಾ, ಅಂಬಿಗಗ ತಂಗಿ ಇದ್ಲೇನು?"

"ಯಾವ ಅಂಬಿಗ?" ಎಂದಳು. ಮಷೀನಿನ ಸದ್ದು ದೂರವಾಯಿತು; ಎದ್ದು ಹೊರಗೆ ಬಂದಿದ್ದಳು. "ಇರಲಿಲ್ಲ. ಜೈಲಿನಾಗ ಅವಗ ಊಟ ಯಾರ ಕೊಡ್ತಾರ ಅಂತ ನೀ ಅಳತಿದ್ದಿ. ಅದಕ ಒಬ್ಬಾಕಿನ್ನ ಮಾಡಿದೆ."

"ಅಕ್ಕಾ, ಅವ್ವಗ ಹೇಳಿದಾಕಿ ನಾನು."

"ಗೊತ್ತೈತಿ."

"ಯಾವಾಗಿಂದ?"

"ಅವತ್ತ ಸಂಜಿಯಿಂದ. ನೀ ನನ್ನ ಮಾರಿ ನೋಡಲಿಲ್ಲಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೆದುತನವೂ ಇರಲಿಲ್ಲ. "ನೀನಾಗೇ ಬಂದು ಹೇಳ್ತಿ ಅಂತ ಕಾದೆ. ಮೊದಲನೇ ವರ್ಷ ಕಾದೆ. ಆಮ್ಯಾಲ ಕೂಸಾತು, ಮಷೀನು ಬಂತು. ಪುರಸೊತ್ತಾಗಲಿಲ್ಲ."

ತಪ್ಪಾಯಿತು ಎಂದೆನೋ ಇಲ್ಲವೋ, ಈಗ ನೆನಪಿಲ್ಲ. ಆ ಕಡೆಯಿಂದ ಅವಳೇ ಕೇಳಿದಳು, ಅಂಗಡಿಯಲ್ಲಿ ದರ ಕೇಳಿದ ಹಾಗೆ:

"ಮತ್ತ ಕಡೀಕ ಏನಾತು ಅವಂದು? ನಾ ಪೂರಾ ಓದಲೇ ಇಲ್ಲಲ್ಲ."

ಅಕ್ಕನಿಗೂ ಆ ಕಥೆಯ ಕೊನೆ ಗೊತ್ತಿರಲಿಲ್ಲ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹೀಗೆ ಆ ವಸಂತದಲ್ಲಿ ಭಾನುವಾರಗಳು ಶುರುವಾದವು. ಸುಲಭ ಡಚ್ಚಿನ ಪುಸ್ತಕ ಸಾಲದೆಂದು ಗ್ರಂಥಾಲಯದಿಂದ ಪೂರ್ತಿ ಅನುವಾದ ತಂದೆ, ಎರಡು ಇಟ್ಟಿಗೆಯಷ್ಟು ದಪ್ಪ. ವಾರವೆಲ್ಲ ನಿಘಂಟು ಹಿಡಿದು ಓದುವುದು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಫೋನು ಹಚ್ಚಿ ಬಿಜಾಪುರದ ಮಾತಿನಲ್ಲಿ ಹೇಳುವುದು. ಜೂನಿನಲ್ಲಿ ಶಾಲೆ ಶುರುವಾಗುವುದರಿಂದ ಅಕ್ಕನಿಗೆ ಆ ತಿಂಗಳುಗಳಲ್ಲಿ ಭಾನುವಾರವೂ ಕೆಲಸ. ಮಷೀನಿನ ಮೇಲೆ ಫೋನಿಟ್ಟು ಕಾಲರು ಹೊಲಿಯುತ್ತ ಕೇಳುತ್ತಿದ್ದಳು. ಹೂಂಗುಟ್ಟುತ್ತಿದ್ದಳು. ನಡುನಡುವೆ ಬೈಯುತ್ತಿದ್ದಳು: "ಇಷ್ಟ ವರ್ಷ ಆ ಮನಷ್ಯಾಗ ಬ್ಯಾರೆ ಉದ್ಯೋಗ ಇರಲಿಲ್ಲೇನ?" ನಮ್ಮ ಹಿತ್ತಲಿಗೆ ಚಾಚಿದ್ದ ಪಕ್ಕದ ಮನೆಯವರ ಸೇಬಿನ ಗಿಡ ಹೂಬಿಟ್ಟು, ಹೂವುದುರಿ, ಎಲೆ ತುಂಬಿತು. ಮಹಾಂತೇಶ ಭಾನುವಾರದ ಅಡಿಗೆಯನ್ನು ತನ್ನ ಪಾಲಿಗೆ ಹಾಕಿಕೊಂಡು, ಅಡುಗೆಮನೆಯಿಂದಲೇ ಕಥೆ ಕೇಳಿಸಿಕೊಂಡು, "ಆ ಬ್ಯಾಂಕಿನಾಂವ ಸತ್ನೇನ?" ಎಂದು ವಾರದ ನಡುವೆ ವಿಚಾರಿಸುತ್ತಿದ್ದ.

ಕಥೆಯಾಚೆಗೆ ನಾವು ಏನನ್ನೂ ಆಡಲಿಲ್ಲ. ಒಮ್ಮೆ ಮಾತ್ರ, ಮೇ ತಿಂಗಳಲ್ಲಿ ಪರೀಕ್ಷೆಯ ಫಲಿತಾಂಶದ ಪತ್ರ ಬಂದಾಗ, ಹೇಳದಿರಲಾರದೆ ಹೇಳಿದೆ. "ಅಕ್ಕಾ, ನಾ ಪಾಸಾದೆ."

"ಛಲೋ ಆತು," ಎಂದಳು. ಕಾಲರಿನ ಹೊಲಿಗೆಯೊಂದನ್ನು ಮುಗಿಸಿ, "ನನ್ನ ಹಾಲ್ ಟಿಕೆಟ್ ಇನ್ನೂ ಐತಿ. ಟ್ರಂಕಿನಾಗ," ಎಂದಳು. "ಹೂಂ, ಮುಂದ ಹೇಳು."

ಜೂನಿನ ಎರಡನೆಯ ಭಾನುವಾರ ಕಥೆ ಮುಗಿಯಿತು. ನಾವಿಕ ಬೇರೊಬ್ಬಳ ಜೊತೆ ಹಡಗು ಹತ್ತಿ ಹೋದ. ಹಳೆಯ ಪ್ರಿಯತಮೆ ಒಬ್ಬಳೇ ಉಳಿದಳು.

"ಅವಂಗ ಹಡಗ ಇತ್ತು, ಹ್ವಾದ," ಎಂದಳು ಅಕ್ಕ. "ಆಕಿ ಏನ ಮಾಡಿದ್ಲು ಪಾಪ." ಆಮೇಲೆ, ಅದೇ ದನಿಯಲ್ಲಿ, "ಒಂದು ಕೇಳ್ಲಿ? ಯಾಕ ಹೇಳಿದಿ ಅವ್ವಗ?"

ಇಪ್ಪತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಎಷ್ಟೋ ಒಳ್ಳೆಯ ಉತ್ತರಗಳನ್ನು ತಯಾರಿಸಿದ್ದೆ. ಅಂದು ಒಂದನ್ನೂ ಹೇಳಲಾಗಲಿಲ್ಲ.

"ನೀ ನನಗ ಕಥಿ ಹೇಳೂದು ಬಿಟ್ಟಿದ್ದಿ."

ಮಷೀನು ನಿಂತಿತು.

"ಇಷ್ಟಕ್ಕನ?" ಎಂದಳು. ಮತ್ತೊಮ್ಮೆ, ಮೊದಲಿಗಿಂತ ಮೆಲ್ಲಗೆ, "ಇಷ್ಟಕ್ಕನ, ರೇಖಾ?" ಫೋನು ಕಟ್ಟಾಯಿತು.

ಮುಂದಿನ ಭಾನುವಾರ ಹಚ್ಚಿದೆ, ಎತ್ತಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಹನ್ನೊಂದಕ್ಕೆ ಫೋನು ಹಿಡಿದು ಹಿತ್ತಲಿನ ಮೆಟ್ಟಿಲ ಮೇಲೆ ಕೂರುವುದು ಅಭ್ಯಾಸವಾಗಿಹೋಗಿತ್ತು, ಸುಮ್ಮನೆ ಕೂರುತ್ತಿದ್ದೆ. ಬೇಸಿಗೆ ಬಂದಿತ್ತು, ಹತ್ತು ಗಂಟೆಯವರೆಗೂ ಕತ್ತಲಾಗದ ದಿನಗಳು, ಊರೆಲ್ಲ ಹೊರಗೆ ಕುರ್ಚಿ ಹಾಕಿಕೊಂಡು ನಗುತ್ತಿತ್ತು. ಅವಳು ಮಾತಾಡದ ಇಷ್ಟು ವರ್ಷ ನಾನು ಹೇಗೋ ಇದ್ದೆ. ಹನ್ನೆರಡು ಭಾನುವಾರ ಅವಳ ದನಿ ಕೇಳಿದ ಮೇಲೆ ಮೂರು ವಾರ ತಡೆಯುವುದು ಕಷ್ಟವಾಯಿತು. ಟ್ರೂಸಳಿಗೆ ಹೇಳಿದರೆ, "ಈಗ ಅವಳ ಸರದಿ. ಕಾಯಿ," ಎಂದಳು.

ಜುಲೈ ಮೊದಲ ವಾರ, ಒಂದು ಬುಧವಾರ. ಅನ್ವಿಯ ಶಾಲೆಯ ಗೇಟಿನ ಹೊರಗೆ ಸೈಕಲ್ ಹಿಡಿದು ಬೇರೆ ತಾಯಂದಿರ ಜೊತೆ ನಿಂತಿದ್ದೆ. ಜೇಬಿನಲ್ಲಿ ಫೋನು ನಡುಗಿತು. ಪರದೆಯ ಮೇಲೆ 'ಸುವರ್ಣಕ್ಕ' ಎಂದಿತ್ತು. ಆ ಹೆಸರು ತಾನಾಗಿ ನನ್ನ ಫೋನಿನಲ್ಲಿ ಮೂಡಿದ್ದು ಅದೇ ಮೊದಲು.

"ನಾ ಭಾಳ ಸಿಟ್ಟಾಗಿದ್ದೆ," ಎಂದಳು, ಹಲೋ ಕೂಡ ಅನ್ನದೆ.

"ಹೂಂ."

"ಈಗೂ ಸಿಟ್ಟ ಐತಿ."

"ಹೂಂ ಅಕ್ಕ."

"ಅವ್ವ ನಿನಗ ಹೊಡದು ಕೇಳಿರಬೇಕು ಅಂತ ತಿಳಕೊಂಡಿದ್ದೆ. ಸಣ್ಣ ಹುಡುಗಿ, ಹೆದರಿ ಹೇಳ್ಯಾಳ ಅಂತ. ಇಷ್ಟ ವರ್ಷ ನಿನ್ನ ಸಲುವಾಗಿ ನಾನ ಒಂದು ಕಥಿ ಮಾಡಿ ಇಟ್ಟಿದ್ದೆ. ಅದರ ಮ್ಯಾಲ ಇದ್ದೆ." ಉಸಿರೆಳೆದುಕೊಂಡಳು. "ನೀ ಅದನ್ನೂ ತಗೊಂಡಿ."

ಗೇಟು ತೆರೆಯಿತು. ಮಕ್ಕಳು ಕೂಗುತ್ತ ಹೊರಗೆ ಬಂದರು. ನಾನು ಗೋಡೆಯ ಕಡೆ ತಿರುಗಿ ಕಿವಿಗೆ ಫೋನು ಒತ್ತಿ ಹಿಡಿದೆ, ಅವಳು ಇಟ್ಟುಬಿಟ್ಟಾಳೆಂದು.

"ಅದೇನ ಗದ್ದಲ?" ಎಂದಳು.

"ಅನ್ವಿದು ಸಾಲಿ ಬಿಟ್ಟೈತಿ."

"ಎಷ್ಟನೇದು ಈಗ?"

"ನಮ್ಮ ಲೆಕ್ಕಕ್ಕ ಎರಡನೇದು."

"ಕನ್ನಡ ಮಾತಾಡ್ತಾಳ?"

"ಮಾತಾಡ್ತಾಳ. ನಡುವ ಡಚ್ಚು ಹಾಕ್ತಾಳ."

"ಹಾಕ್ಲಿ ಬಿಡು." ಸೊಲ್ಲಾಪುರದ ರಸ್ತೆಯಲ್ಲಿ ರಿಕ್ಷಾ ಒಂದು ಹಾರ್ನು ಹಾಕುತ್ತ ಹೋಯಿತು. "ಅಲ್ಲೆ ಮಳಿ ಐತೇನು?"

"ಇಲ್ಲಕ್ಕ. ಬಿಸಲ ಬಿದ್ದೈತಿ."

"ಇಲ್ಲೆ ಇನ್ನೂ ಹಿಡಿದಿಲ್ಲ." ಫೋನು ಇಡುವ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. "ಮತ್ತ? ಹೇಳು," ಎಂದಳು.

ಹೇಳಲು ಕಥೆಯಿರಲಿಲ್ಲ. ಬೆಳಗ್ಗೆ ಮಹಾಂತೇಶ ಟಿಫಿನ್ ಡಬ್ಬಿ ಮರೆತು ಹೋದದ್ದನ್ನು ಹೇಳಿದೆ. ಇಲ್ಲಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ ಎಂದೆ. ಅದಕ್ಕೆ ಅವಳು ನೀರು ಕುದಿಯುವ ಮೊದಲೇ ಹಾಕುತ್ತೀಯೇನೋ ಎಂದು ಬೈದಳು. ಅನ್ವಿ ಬಂದು ಅಂಗಿ ಜಗ್ಗುತ್ತಿದ್ದಳು. ನಾನು ಸೈಕಲ್ಲನ್ನು ಅವಳ ಕೈಗೆ ಕೊಟ್ಟು, ಒಂದು ಕೈಯಲ್ಲಿ ಅವಳ ಚೀಲ, ಒಂದು ಕೈಯಲ್ಲಿ ಫೋನು ಹಿಡಿದು, ಮನೆಯವರೆಗೂ ನಡೆದುಕೊಂಡೇ ಹೋದೆ.